ಸತಿಪತಿಗಳ ಸಂಸಾರದಲ್ಲಿ ವ್ಯಾಸಂಗವೂ ವ್ಯಾಧಿಯೂ

(ಮಹೋತ್ಸವದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಗೃಹಸ್ಥಧರ್ಮವನ್ನು ಕುರಿತು ವೇದಿಕೆಗಳ ಮೇಲೆ ಆಗುವ ಉಪನ್ಯಾಸಗಳು ಬಹುಮಟ್ಟಿಗೆ ಸತಿಯ ಸಹನೆಯನ್ನು ಕೊಂಡಾಡಿ ಮುಗಿಯುವವು. ಅದಕ್ಕೆ ಆಧಾರವಾಗಿ ಶರಣಸತಿ-ಲಿಂಗಪತಿ ಎಂಬ ಭಾವವನ್ನು ಎತ್ತಿಕೊಳ್ಳುವದೂ ಉಂಟು. ಆದರೆ ಆ ಭಾವದಲ್ಲಿ ಪತಿಯು ಲಿಂಗವೊಂದೇ. ಧೋತರವುಟ್ಟು ಮುಂದಿನ ಸಾಲಿನಲ್ಲಿ ಕುಳಿತ ಗಂಡಸರೂ ಅಲ್ಲಿ ಸತಿಯರೇ. ಆದುದರಿಂದ ಮನೆಯ ಹೆಂಡತಿಯೊಬ್ಬಳೇ ಸಹಿಸತಕ್ಕದ್ದೆಂದು ಆ ತತ್ವದಿಂದ ಹೇಳಿಸುವದು ಶಾಸ್ತ್ರಕ್ಕೆ ಮಾಡುವ ಅನ್ಯಾಯವು.

ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ವೃತ್ತಾಂತವು ಶೂನ್ಯಸಂಪಾದನೆಯಲ್ಲಿ ಇರುವದು. ಬಿದ್ದ ಅಕ್ಕಿಯನ್ನು ಆಯ್ದು ತರುವದು ಮಾರಯ್ಯನ ಕಾಯಕ. ಕಾಯಕದಲ್ಲಿ ತೊಡಗಿದ್ದರೆ ಪೂಜೆಯನ್ನೂ ಮರೆಯಬಹುದೆಂದು ಸಾರಿದ ಆ ಶರಣನೇ ಅನುಭಾವದ ಮಾತಿನ ಸವಿಯಲ್ಲಿ ಮೈಮರೆತು ಕಾಯಕವನ್ನು ಬಿಟ್ಟು ಕುಳಿತನು. ಎಚ್ಚರಿಸಿದವಳು ಲಕ್ಕಮ್ಮ. ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಮರಳಿ ಸುರಿದು ಬರಲು ಹೇಳಿದವಳೂ ಅವಳೇ. ಗಂಡನ ಹುಚ್ಚು ಸವಿಯನ್ನು ಅವಳು ಅರಿಯಳೆಂದಲ್ಲ. ಅರಿತೇ ಅದಕ್ಕೆ ಒಂದು ಮೇರೆಯನ್ನು ತೋರಿಸಿದಳು. ಈ ಮೇರೆಯ ವಿಷಯವನ್ನೇ ಇಂದು ವಿಚಾರಿಸಬೇಕಾಗಿರುವದು.

ಈ ಮಠದ ಶಿಷ್ಯವರ್ಗಕ್ಕೆ ಸೇರಿದ ಒಂದು ಮನೆತನವುಂಟು. ಹೆಸರು ಹೇಳುವದು ಆ ದಂಪತಿಗಳಿಗೆ ಹಿಡಿಸದು. ಹೇಳುವ ಅವಶ್ಯವೂ ಇಲ್ಲ. ಯಜಮಾನರು ಕನ್ನಡ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ಅವರಿಗೆ ಓಲೆಗರಿಗಳ ಹುಚ್ಚು. ಹುಚ್ಚು ಎಂಬ ಶಬ್ದವು ಅವರ ಧರ್ಮಪತ್ನಿಯದೇ. ರಜೆ ಬಂದಿತೆಂದರೆ ಹಳ್ಳಿಗಳನ್ನು ಸುತ್ತುವರು. ಎಷ್ಟೋ ಮನೆಗಳಲ್ಲಿ ಓಲೆಯ ಕಟ್ಟುಗಳಿಗೆ ವಿಭೂತಿ ಹಚ್ಚಿ ಹೂವೇರಿಸಿ ಪೂಜಿಸುವರೇ ಹೊರತು ಕಟ್ಟನ್ನು ಬಿಚ್ಚಲೊಲ್ಲರು. ಒಳಗೆ ಗೆದ್ದಲು ಪ್ರಸಾದ ಮಾಡುತ್ತಿರುವದು. ಅಂಥವರನ್ನು ಒಲಿಸಿ ತರುವರು. ಕೊಡದಿದ್ದರೆ ಅವರ ಪಡಸಾಲೆಯಲ್ಲಿಯೇ ಕುಳಿತು ಪ್ರತಿ ಮಾಡಿಕೊಳ್ಳುವರು.

ತಂದ ಮೇಲೆ ಮನೆಯಲ್ಲಿ ಕೆಲಸ. ಮೆತ್ತನೆಯ ಕುಂಚದಿಂದ ಧೂಳು ತೆಗೆಯುವದು, ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಸವರುವದು, ಕಾಡಿಗೆಯನ್ನು ತಿಕ್ಕಿ ಒರಸುವದು. ಏನೂ ಕಾಣದಿದ್ದ ಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರಗಳು ಕಪ್ಪಾಗಿ ಏಳುವವು. ಆಗ ಯಜಮಾನರ ಮುಖವನ್ನು ನೋಡಬೇಕು! ತಾಯಿಯವರು ದೀಪ ಹಿಡಿದು ನಿಲ್ಲುತ್ತಿದ್ದುದು ಓಲೆಯನ್ನು ನೋಡುವದಕ್ಕಲ್ಲ, ಆ ಮುಖವನ್ನು ನೋಡುವದಕ್ಕೆ. ಓಣಿಯ ಹೆಂಗಸರು ಆ ಕಟ್ಟುಗಳನ್ನು ಸವತಿಯರೆಂದು ಹಾಸ್ಯ ಮಾಡಿದರೆ, ಸವತಿಯರಾದರೂ ಬಾಯಿಲ್ಲದವರಲ್ಲವೇ, ಜಗಳವಿಲ್ಲವೆಂದು ನಗುತ್ತಿದ್ದರು.

ಇಂಥ ವ್ಯಾಸಂಗದಿಂದಲೇ ನಮ್ಮ ಧರ್ಮಸಾಹಿತ್ಯವು ಉಳಿದುದು. ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಓಲೆಗಳನ್ನು ಕೂಡಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದುದನ್ನೂ, ಮನೆಯನ್ನು ಮಾರಿ ಮುದ್ರಣಾಲಯವನ್ನು ಹೂಡಿದುದನ್ನೂ ಎಲ್ಲರೂ ಹೊಗಳುವರು. ಮಾರಿದ ಆ ಮನೆಯಲ್ಲಿ ಒಲೆ ಹೂಡಿದ್ದ ಗೃಹಿಣಿಯನ್ನು ನೆನೆಯುವವರೆಷ್ಟು ಮಂದಿ?

ಇತ್ತ ಆ ತಾಯಿಯವರಿಗೆ ಉಬ್ಬಸವು ಅಂಟಿಕೊಂಡಿತು. ಇದು ಶ್ವಾಸನಾಳಗಳು ಬಿಗಿದುಕೊಳ್ಳುವ ರೋಗ. ಎಳೆದುಕೊಂಡ ಉಸಿರು ಹೊರಕ್ಕೆ ಹೋಗಲೊಲ್ಲದು. ನಡುರಾತ್ರಿಯಿಂದ ಬೆಳಗಿನ ಜಾವದ ವರೆಗೆ ಬಾಧೆ ಹೆಚ್ಚು. ಮಲಗಲಾರದೆ ದಿಂಬಿಗೆ ಕೈಯೂರಿ ಕುಳಿತೇ ರಾತ್ರಿ ಕಳೆಯಬೇಕು. ಒಂದು ಮಳೆಗಾಲದ ರಾತ್ರಿ ಹೀಗಾದಾಗ ಮಾಸ್ತರರು ಪರಸ್ಥಳದಲ್ಲಿದ್ದರು. ನೆರೆಮನೆಯ ಸೊಸೆಯೊಬ್ಬಳು ಬೆನ್ನು ನೀವುತ್ತ ಬೆಳಗು ಮಾಡಿದಳು. ಮರುದಿನ ಮಧ್ಯಾಹ್ನ ಮಾಸ್ತರರು ಕಂಕುಳಲ್ಲಿ ಒಂದು ಕಟ್ಟನ್ನು ಇಟ್ಟುಕೊಂಡು, ಷಟ್‌ಸ್ಥಲದ ಅಪೂರ್ವ ಪ್ರತಿ ಸಿಕ್ಕಿತೆಂದು ಹಿಗ್ಗುತ್ತ ಬಂದರು. ತಾಯಿಯವರು ಆ ವೃತ್ತಾಂತವನ್ನೆಲ್ಲ ಕೇಳಿ ಮುಗಿಸಿ, ಊಟಕ್ಕೆ ಬಡಿಸಿ, ಆಮೇಲೆ ರಾತ್ರಿಯ ಮಾತನ್ನು ಎತ್ತಿದರು. ಮಾಸ್ತರರ ಕೈಯ ತುತ್ತು ಕೈಯಲ್ಲಿಯೇ ಉಳಿಯಿತು.

ವೈದ್ಯರು ಪರೀಕ್ಷಿಸಿ, ಬಾಧೆ ಬಂದಾಗ ಮಾತ್ರ ಔಷಧ ಸೇವಿಸಿದರೆ ಸಾಲದು, ಬಾರದಂತೆ ದಿನಾಲು ಉಸಿರಿನೊಡನೆ ಸೇದುವ ಔಷಧವನ್ನು ಬಿಡದೆ ತೆಗೆದುಕೊಳ್ಳತಕ್ಕದ್ದು ಎಂದರು. ಓಲೆಯ ಧೂಳು, ಬೂಷ್ಟು, ಎಣ್ಣೆಯ ತೀಕ್ಷ್ಣ ವಾಸನೆ ಇವು ಮನೆಯಲ್ಲಿ ಇರಕೂಡದೆಂದೂ ಹೇಳಿದರು. ಮಾಸ್ತರರು ಅಂದೇ ಕಟ್ಟುಗಳನ್ನೆಲ್ಲ ವಸ್ತ್ರದಲ್ಲಿ ಬಿಗಿದು ಹೊರಗಿನ ಕೊಟ್ಟಿಗೆಗೆ ಹಾಕಿ, ಇನ್ನು ಮುಟ್ಟೆನೆಂದು ಇಷ್ಟಲಿಂಗದ ಸಾಕ್ಷಿಯಾಗಿ ನುಡಿದರು.

ಕೇಳುವವರಿಗೆ ಕಥೆಯು ಇಲ್ಲಿಗೆ ಸುಖವಾಗಿ ಮುಗಿದಂತೆ ತೋರಬಹುದು. ಹಾಗಾಗಲಿಲ್ಲ. ತಾಯಿಯವರ ಉಸಿರು ಹಗುರವಾಯಿತು; ಮಾಸ್ತರರು ಮಾತ್ರ ಬಾಡಿದರು. ಗೋಡೆಯನ್ನು ನೋಡುತ್ತ ಕುಳಿತು ಗಳಿಗೆಗೊಮ್ಮೆ, ಉಸಿರು ಹೇಗಿರುವದೆಂದು ಕೇಳುವರು. ಆ ಪ್ರಶ್ನೆಯೇ ತಾಯಿಯವರಿಗೆ ಎರಡನೆಯ ಉಬ್ಬಸವಾಯಿತು. ಬೇನೆಯನ್ನು ತಾಳಬಹುದು, ಬೇನೆಯ ನೆಪದಿಂದ ಒಬ್ಬರ ಬಾಳಿನ ಬೆಳಕು ಆರಿತೆಂಬುದನ್ನು ದಿನವೂ ಎದುರಿಗೆ ನೋಡುತ್ತಿರುವದು ದುಸ್ತರ. ತ್ಯಾಗವೆಲ್ಲ ಪ್ರೇಮವೆಂದು ತಿಳಿಯುವದು ಅವಸರದ ತೀರ್ಮಾನ. ಕೆಲವು ತ್ಯಾಗಗಳು ಬೇನೆಯವರ ತಲೆಯ ಮೇಲೆ ಸಾಲದಂತೆ ಕೂಡುವವು.

ಅಮಾವಾಸ್ಯೆಯ ದಿನ ಅವರು ಮಠಕ್ಕೆ ಬಂದು ಸನ್ನಿಧಿಯವರಲ್ಲಿ ಅರಿಕೆ ಮಾಡಿಕೊಂಡರು. ಗಂಡನು ಓಲೆಯ ಬೆನ್ನು ಹತ್ತಿದನೆಂದಲ್ಲ, ಬಿಟ್ಟನೆಂದು ದೂರು! ಸನ್ನಿಧಿಯವರು ನಕ್ಕು, ತಾಯಿ, ಮೇರೆಯನ್ನು ನೀವೇ ಹಾಕಿರಿ, ಸ್ಥಳವನ್ನು ಮಠವು ಕೊಡುವದು ಎಂದು ಅಪ್ಪಣೆ ಕೊಡಿಸಿದರು. ಗ್ರಂಥಭಂಡಾರದ ಮಗ್ಗುಲ ಕೋಣೆ ತೆರವಾಯಿತು. ತಾಯಿಯವರು ಹಾಕಿದ ಮೇರೆಗಳು ಹೀಗಿದ್ದವು: ಓಲೆಯ ಕೆಲಸವೆಲ್ಲ ಮಠದಲ್ಲಿ, ಮನೆಗೆ ಬಂದೊಡನೆ ಸ್ನಾನ ಮಾಡಿ ಅರಿವೆ ಬದಲಿಸಿಯೇ ಒಳಗೆ ಬರುವದು, ದೀಪ ಹಚ್ಚುವ ಹೊತ್ತಿಗೆ ಮನೆ, ಪರಸ್ಥಳದಲ್ಲಿ ವಸತಿ ಮಾಡಬೇಕಾದರೆ ಮಗಳು ಬಂದು ಮನೆಯಲ್ಲಿ ಇರಬೇಕು, ಉಸಿರಿನ ವಿಷಯ ದಿನಕ್ಕೆ ಒಂದೇ ಸಲ ಕೇಳತಕ್ಕದ್ದು.

ಬೇಸಿಗೆಯಲ್ಲಿ ಒಮ್ಮೆ ಮಾಸ್ತರರು ನಾಲ್ಕನೆಯ ನಿಯಮವನ್ನು ಮುರಿದರು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಚಳಿಗಾಲವು ಇಂದಿಗೂ ಕಠಿಣವೇ. ಅದನ್ನು ಮರೆಮಾಚಿ ಹೇಳಿ ಫಲವೇನು?

ಓಲೆಯು ಮನೆಗೆ ಬಾರದಿದ್ದರೂ ಅದರ ಪ್ರತಿಯು ಶುಭ್ರವಾದ ಕಾಗದದ ಮೇಲೆ ಸಂಜೆಗೆ ಬರುವದು. ಹಳೆಯ ಓಲೆಗಳಲ್ಲಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಬರಹದಲ್ಲಿ ಭೇದವಿಲ್ಲ. ಹ್ರಸ್ವವೋ ದೀರ್ಘವೋ ಎಂಬುದನ್ನು ಅರ್ಥದಿಂದಲೂ ನಡಿಗೆಯಿಂದಲೂ ನಿರ್ಣಯಿಸಬೇಕು. ತಾಯಿಯವರು ತವರಿನಲ್ಲಿ ಭಜನೆಯ ಮೇಳದೊಡನೆ ಬೆಳೆದವರು. ಗಟ್ಟಿಯಾಗಿ ಓದಿ, ಕಿವಿಗೆ ಎಡವಿದಲ್ಲಿ ನಿಲ್ಲಿಸುವರು. ಮಾಸ್ತರರು ಶಬ್ದಮಣಿದರ್ಪಣವನ್ನು ಮುಂದೆ ಮಾಡಿದರೂ ಹಲವು ಕಡೆಗಳಲ್ಲಿ ತಾಯಿಯವರ ಕಿವಿಯೇ ಗೆದ್ದಿರುವದು. ಉಸಿರು ಸಾಗದ ದಿನ ಮಾಸ್ತರರು ಓದುವರು, ತಾಯಿಯವರು ಕೈಬೆರಳಿನಿಂದ ಮಂಚದ ಪಟ್ಟಿಯನ್ನು ತಟ್ಟಿ ತಪ್ಪನ್ನು ತೋರಿಸುವರು.

ಮೊನ್ನೆ ಸನ್ನಿಧಿಯವರ ಪ್ರಸಾದವನ್ನು ಒಯ್ದ ಮರಿಯೊಬ್ಬನು ಆ ಮನೆಯ ಬಾಗಿಲಲ್ಲಿ ನಿಂತು ಕಂಡುದಿಷ್ಟು. ಓದುತ್ತಿದ್ದ ತಾಯಿಯವರಿಗೆ ಸಾಲಿನ ನಡುವೆ ಉಸಿರು ಕಟ್ಟಿತು. ಔಷಧವನ್ನು ಸೇದಿ ಕಣ್ಣುಮುಚ್ಚಿ ಕುಳಿತರು. ಮಾಸ್ತರರು ಹೇಗಿರುವದೆಂದು ಕೇಳಲಿಲ್ಲ. ಆ ದಿನದ ಒಂದು ಸಲ ಮುಂಜಾನೆಯೇ ಮುಗಿದಿತ್ತು. ನಿಂತ ಅಕ್ಷರದ ಮೇಲೆ ಬೆರಳನ್ನು ಇಟ್ಟುಕೊಂಡು ಸುಮ್ಮನೆ ಕಾಯುತ್ತಿದ್ದರು.