ಹಂಚಿಕೊಂಡು ಮಾಡುವ ಲೆಕ್ಕ



ಒಬ್ಬನು ಹತ್ತು ದಿನ ಮಾಡುವ ಕೆಲಸವನ್ನು ಹತ್ತು ಜನ ಒಂದೇ ದಿನದಲ್ಲಿ ಮಾಡುವರೆಂದು ನಾವು ಶಾಲೆಯಲ್ಲಿ ಕಲಿತೆವು. ಎಲ್ಲ ಕೆಲಸಕ್ಕೂ ಈ ಮಾತು ಸಲ್ಲುವುದೇ? ಅನೇಕ ಗಣಕಯಂತ್ರಗಳನ್ನು ಏಕಕಾಲಕ್ಕೆ ದುಡಿಸುವ ಪಂಡಿತರ ಮುಂದಿರುವ ಪ್ರಶ್ನೆಯೂ ಇದೇ.

ನಾವು ಗುಮಾಸ್ತರು, ಬೇರೀಜಿನಿಂದಲೇ ಆರಂಭಿಸೋಣ. 1,024 ಮೊಬಲಗುಗಳನ್ನು ಒಬ್ಬನೇ ಕೂಡಿಸುವುದಾದರೆ 1,023 ಸಲ ಕೂಡಿಸಬೇಕು. 512 ಜನ ಎರಡೆರಡನ್ನು ಕೂಡಿಸಿ, ಬಂದ ಮೊತ್ತಗಳನ್ನು 256 ಜನ ಕೂಡಿಸಿ, ಹೀಗೆಯೇ ಸಾಗಿದರೆ ಹತ್ತೇ ಸುತ್ತಿಗೆ ಮುಗಿಯಿತು. ಅಷ್ಟು ಜನರಿಗೆ ಪಗಾರ ಕೊಡುವವರು ಯಾರೆಂಬುದು ಬೇರೆ ಮಾತು! ಅಂಕಿಗಳ ಚೌಕವಾದ ಮ್ಯಾಟ್ರಿಕ್ಸುಗಳ ಗುಣಾಕಾರವೂ ಹೀಗೆಯೇ. ಒಂದು ಮನೆಯ ಅಂಕಿಗೆ ಪಕ್ಕದ ಮನೆಯ ಹಂಗಿಲ್ಲ. ಅದೇ ಚೌಕದಿಂದ ಹುಟ್ಟುವ ‘ನಿರ್ಧಾರಕ’ವೆಂಬ ಸಂಖ್ಯೆಯ ಲೆಕ್ಕ ಹೆಚ್ಚು ತೊಡಕಿನದು. 1976ರಲ್ಲಿ ಚಾಂಕಿ ಎಂಬವರು ಅದನ್ನೂ ಹಂಚಿ ಬೇಗ ಮುಗಿಸುವ ದಾರಿ ತೋರಿಸಿದರು.

ನಿಜವಾದ ಕಗ್ಗಂಟು ಇರುವುದು ಜೋಡಿ ಕೂಡಿಸುವಲ್ಲಿ. ಒಂದು ಪಾಳಿಯಲ್ಲಿ ನೂರು ನೇಕಾರರು, ನೂರು ಮಗ್ಗ. ಒಬ್ಬೊಬ್ಬರಿಗೆ ಕೆಲವು ಮಗ್ಗಗಳ ಮೇಲೆ ಮಾತ್ರ ಕೈ ಕುಳಿತಿದೆ. ಎಲ್ಲರಿಗೂ ಒಂದೊಂದು ಸಿಗುವಂತೆ ಹಂಚಬೇಕು. ಜಾಬರನೊಬ್ಬನೇ ಆದರೆ ಕೊಟ್ಟು, ಬದಲಿಸಿ, ಮತ್ತೆ ಕೊಟ್ಟು ಹೇಗೋ ಮುಗಿಸಿಯಾನು. ನೂರು ಜನ ಏಕಕಾಲಕ್ಕೆ ಹಂಚಹೊರಟರೆ? ಸರಿಯಾದ ಹಂಚಿಕೆಗಳು ಹಲವಿರಬಹುದು. ಒಬ್ಬನು ಒಂದನ್ನು, ಇನ್ನೊಬ್ಬನು ಮತ್ತೊಂದನ್ನು ಮನಸ್ಸಿನಲ್ಲಿಟ್ಟು ನಡೆದರೆ ಇಬ್ಬರೂ ಒಂದೇ ಮಗ್ಗದ ಮುಂದೆ ಬಂದು ನಿಲ್ಲುತ್ತಾರೆ. ಉತ್ತರ ಇಲ್ಲವೆಂದಲ್ಲ, ಹೆಚ್ಚಾಯಿತೆಂದೇ ಜಗಳ.

1987ರಲ್ಲಿ ಕೇತನ ಮುಲ್ಮುಲೆ, ಉಮೇಶ ವಜೀರಾಣಿ, ವಿಜಯ ವಜೀರಾಣಿ ಎಂಬ ಮೂವರು ಇದಕ್ಕೊಂದು ಸೊಗಸಾದ ಉಪಾಯವನ್ನು ಪ್ರಕಟಿಸಿದರು. ಮುಲ್ಮುಲೆಯವರು ಇಲ್ಲಿಯೇ ಪವಾಯಿಯ ಐ.ಐ.ಟಿ.ಯಲ್ಲಿ ಓದಿದವರು. ನೇಕಾರ-ಮಗ್ಗದ ಪ್ರತಿಯೊಂದು ಜೋಡಿಗೂ ಚೀಟಿ ಎತ್ತಿ ಒಂದು ಅಂಕಿ ಬರೆಯಿರಿ. ಹೊಂದುವ ಜೋಡಿಗಳು 500 ಇದ್ದರೆ 1ರಿಂದ 1,000ದವರೆಗಿನ ಚೀಟಿಗಳು ಸಾಕು. ಆಗ ಎಲ್ಲಕ್ಕಿಂತ ಕಡಿಮೆ ಮೊತ್ತದ ಹಂಚಿಕೆ ಒಂದೇ ಒಂದು ಆಗಿರುವ ಸಂಭವ ಅರ್ಧಕ್ಕೆ ಕಡಿಮೆಯಿಲ್ಲ. ಎಲ್ಲರ ಗುರಿಯೂ ಒಂದೇ ಆಯಿತು! ಬಳಿಕ ಯಾರನ್ನೂ ಕೇಳದೆ, ತನ್ನ ಜೋಡಿ ಆ ಹಂಚಿಕೆಯಲ್ಲಿದೆಯೇ ಎಂಬುದನ್ನು ಒಬ್ಬೊಬ್ಬನೂ ನಿರ್ಧಾರಕದ ಲೆಕ್ಕದಿಂದ ತಿಳಿಯಬಹುದು. ತಪ್ಪಿದರೆ ಮತ್ತೆ ಚೀಟಿ. ಹತ್ತು ಸಲವೂ ತಪ್ಪುವ ಸಂಭವ 1,024ರಲ್ಲಿ ಒಂದಕ್ಕಿಂತ ಹೆಚ್ಚಲ್ಲ.

ಚೀಟಿಯನ್ನು ನಂಬದೆ ಮಾಡಲಾಗದೇ? 2016ರಲ್ಲಿ ಫೆನ್ನರ್, ಗುರ್ಜರ್, ಥೀರಾಫ್ ಎಂಬವರು ಅದಕ್ಕೂ ದಾರಿ ತೋರಿಸಿದರು. ಆದರೆ ಬೇಕಾಗುವ ಯಂತ್ರಗಳ ಸಂಖ್ಯೆ ಹನುಮಂತನ ಬಾಲದಂತೆ ಬೆಳೆಯುತ್ತದೆ. ಇನ್ನು ಮೊದಲಿನ ಪ್ರಶ್ನೆ. ಒಂಟಿ ಯಂತ್ರವು ಮಿತವಾದ ಕಾಲದಲ್ಲಿ ಮಾಡುವ ಲೆಕ್ಕವನ್ನೆಲ್ಲ ಹೀಗೆ ಹಂಚಿ ಶೀಘ್ರವಾಗಿ ಮುಗಿಸಬಹುದೆಂದು ಯಾರೂ ಸಾಧಿಸಿಲ್ಲ, ಆಗದೆಂದೂ ಸಾಧಿಸಿಲ್ಲ. ಆಗದೆಂದೇ ಬಹುಮಂದಿ ಪಂಡಿತರ ಎಣಿಕೆ.