ಆಕಾಶದ ಆಚಿಗೆ ಏನೈತಿ?

(ಗುರುಗುಂಟಾದ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ನಾವು ಪಾಠ ಮಾಡಲು ನಿಂತಿಲ್ಲ. ಒಂದು ತಪ್ಪು ಒಪ್ಪಿಕೊಳ್ಳಲು ನಿಂತಿದ್ದೇವೆ.

ಹೋದ ತಿಂಗಳು ಒಂದು ರಾತ್ರಿ ಇಲ್ಲಿ ಕರೆಂಟು ಹೋಯಿತು. ಎಲ್ಲರೂ ಹೊರಗೆ ಕಟ್ಟೆಯ ಮೇಲೆ ಕುಳಿತೆವು. ಆಕಾಶದ ತುಂಬ ಚುಕ್ಕಿ. ಆಗ ನಿಮ್ಮೊಳಗಿನ ಒಬ್ಬ ಅಕ್ಕ ಕೇಳಿದರು: "ಅಕ್ಕೋರೆ, ಈ ಚುಕ್ಕಿ ಎಲ್ಲಾ ಮುಗಿದ ಮ್ಯಾಲೆ ಆಚಿಗೆ ಏನೈತ್ರಿ?"

ನಮಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆ ಆಯಿತು. "ಅದೆಲ್ಲಾ ನಿಮಗ್ಯಾಕವ್ವ, ಮೊದಲು ಕಾಗುಣಿತ ಕಲೀರಿ" ಅಂದುಬಿಟ್ಟೆವು. ಎಲ್ಲರೂ ನಕ್ಕರು. ಮಾರನೆಯ ದಿನ ಆ ಅಕ್ಕ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ನಾವೇ ಮನೆಗೆ ಹೋಗಿ ಕರೆದು ತಂದೆವು.

ಆಮೇಲೆ ನಾವು ಪುಸ್ತಕ ಹುಡುಕಿ ಓದಿದೆವು. ಓದಿದ್ದನ್ನು ಇವತ್ತು ಹೇಳುತ್ತೇವೆ.

ಮೊದಲು ಒಬ್ಬ ಅಜ್ಜಿಯ ಕಥೆ. ಸುಧಾ ಮೂರ್ತಿ ಎಂಬ ಲೇಖಕಿಯ ಹೆಸರು ಕೇಳಿದ್ದೀರಿ. ಅವರ ಅಜ್ಜಿಗೆ ಓದು ಬರುತ್ತಿರಲಿಲ್ಲ. 'ಕರ್ಮವೀರ' ವಾರಪತ್ರಿಕೆಯಲ್ಲಿ ತ್ರಿವೇಣಿಯವರ 'ಕಾಶಿಯಾತ್ರೆ' ಎಂಬ ಕಾದಂಬರಿ ಬರುತ್ತಿತ್ತು. ಮೊಮ್ಮಗಳು ಓದಿ ಹೇಳುತ್ತಿದ್ದಳು. ಒಮ್ಮೆ ಮೊಮ್ಮಗಳು ಮದುವೆಗೆ ಹೋದಳು. ಪತ್ರಿಕೆ ಬಂತು. ಅಜ್ಜಿ ಕೈಯಲ್ಲಿ ಹಿಡಿದು ನೋಡಿದರು. ಒಂದಕ್ಷರ ತಿಳಿಯಲಿಲ್ಲ. ಕಣ್ಣಲ್ಲಿ ನೀರು ಬಂತು. ಆಗ ಅವರಿಗೆ 62 ವರ್ಷ. ದಸರಾದೊಳಗೆ ಓದು ಕಲಿಯುತ್ತೇನೆ ಎಂದು ಹಟ ಹಿಡಿದರು. ಕಲಿತೇಬಿಟ್ಟರು. ಇದನ್ನು ಸುಧಾ ಮೂರ್ತಿಯವರೇ ಬರೆದಿದ್ದಾರೆ.

ಅದೇ ಅಜ್ಜಿಗೆ ಒಬ್ಬ ಮೊಮ್ಮಗನೂ ಇದ್ದಾನೆ. ಅವರ ಹೆಸರು ಶ್ರೀನಿವಾಸ ಕುಲಕರ್ಣಿ. ಹುಟ್ಟಿದ್ದು 1956ರಲ್ಲಿ. ಬೆಳೆದದ್ದು ನಮ್ಮ ಹುಬ್ಬಳ್ಳಿಯಲ್ಲಿ. ತಂದೆ ಡಾಕ್ಟರು, ತಾಯಿ ಶಾಲೆಯ ಟೀಚರು. ಹುಡುಗ ಮುಂದೆ ದಿಲ್ಲಿಗೆ ಹೋಗಿ ಓದಿದ. ಅಲ್ಲಿಂದ ಅಮೆರಿಕಕ್ಕೆ ಹೋದ. ಆಕಾಶ ನೋಡುವುದೇ ಅವರ ಕೆಲಸವಾಯಿತು. 1982ರಲ್ಲಿ ಅವರು ಮತ್ತು ಅವರ ಜೊತೆಯವರು ಒಂದು ವಿಚಿತ್ರ ಚುಕ್ಕಿ ಕಂಡುಹಿಡಿದರು. ಅದು ಒಂದು ಸೆಕೆಂಡಿಗೆ 640ಕ್ಕೂ ಹೆಚ್ಚು ಸಲ ಗಿರ್ರನೆ ತಿರುಗುತ್ತದೆ! 2024ರಲ್ಲಿ ಅವರಿಗೆ ಶಾ ಪ್ರಶಸ್ತಿ ಎಂಬ ದೊಡ್ಡ ಗೌರವ ಸಿಕ್ಕಿತು.

ಅಮೆರಿಕದ ಪಾಲೊಮಾರ್ ಗುಡ್ಡದ ಮೇಲೆ ಒಂದು ಹಳೆಯ ದೂರದರ್ಶಕ ಇದೆ. ಕುಲಕರ್ಣಿಯವರ ಮುಂದಾಳತ್ವದಲ್ಲಿ ಅದಕ್ಕೆ ದೊಡ್ಡ ಕ್ಯಾಮೆರಾ ಕೂಡಿಸಿದರು. 2018ರಿಂದ ಅದು ಕೆಲಸ ಮಾಡುತ್ತಿದೆ. ಒಂದು ಫೋಟೋದಲ್ಲಿ 200ಕ್ಕೂ ಹೆಚ್ಚು ಹುಣ್ಣಿಮೆ ಚಂದ್ರ ಹಿಡಿಸುವಷ್ಟು ಆಕಾಶ ಬರುತ್ತದೆ. ನಿನ್ನೆಯ ಫೋಟೋ, ಇವತ್ತಿನ ಫೋಟೋ ಹೋಲಿಸಿ ನೋಡುತ್ತಾರೆ. ನಿನ್ನೆ ಇಲ್ಲದ ಚುಕ್ಕಿ ಇವತ್ತು ಬಂದಿದೆಯೇ? ಅಂದರೆ ಅಲ್ಲಿ ಏನೋ ಆಗಿದೆ. ಕೆಲವು ಸಲ ಒಂದು ನಕ್ಷತ್ರ ಸಿಡಿದಿರುತ್ತದೆ. ಹೀಗೆ ಸಿಡಿದ 10,000ಕ್ಕೂ ಹೆಚ್ಚು ನಕ್ಷತ್ರಗಳನ್ನು 2024ರ ಕೊನೆಯ ಹೊತ್ತಿಗೆ ಗುರುತಿಸಿ ಪಟ್ಟಿ ಮಾಡಿದ್ದರು.

ಸಿಡಿದ ನಕ್ಷತ್ರದಿಂದ ಏನು ತಿಳಿಯುತ್ತದೆ?

ಅಮರೇಶ್ವರ ಜಾತ್ರೆ ನೆನಪು ಮಾಡಿಕೊಳ್ಳಿ. ಸಾಲು ಅಂಗಡಿಗೆ ಒಂದೇ ತರದ ಬಲ್ಬು ಹಾಕಿದ್ದಾರೆ ಅನ್ನಿ. ಹತ್ತಿರದ ಬಲ್ಬು ಝಗ್ಗನೆ ಕಾಣುತ್ತದೆ. ದೂರದ್ದು ಮಿಣುಕು. ಎರಡು ಪಟ್ಟು ದೂರ ಹೋದರೆ ಬೆಳಕು ಕಾಲು ಭಾಗವೇ ಕಾಣುತ್ತದೆ. ಬಲ್ಬು ಒಂದೇ ಎಂದು ಗೊತ್ತಿದ್ದರೆ, ಬೆಳಕು ನೋಡಿ ದೂರ ಹೇಳಬಹುದು. ಹೌದಲ್ರಿ?

ಸಿಡಿಯುವ ನಕ್ಷತ್ರಗಳಲ್ಲಿ ಒಂದು ಜಾತಿ ಇದೆ. ಅವು ಸಿಡಿದಾಗ ಬರುವ ಬೆಳಕು ಹೆಚ್ಚುಕಡಿಮೆ ಒಂದೇ ಸಮ. ಅವೇ ಆಕಾಶದ ಬಲ್ಬುಗಳು. ಅವನ್ನು ನೋಡಿ ದೂರ ಅಳೆಯುತ್ತಾರೆ.

ಇನ್ನೊಂದು ಮಾತು. ಚುಕ್ಕಿಗಳು ಒಂಟಿಯಾಗಿ ಇಲ್ಲ. ಗುಂಪು ಗುಂಪಾಗಿ ಇವೆ. ಆ ಗುಂಪಿಗೆ ಗೆಲಾಕ್ಸಿ ಎನ್ನುತ್ತಾರೆ. ಗೆಲಾಕ್ಸಿ ಅಂದರೆ ಚುಕ್ಕಿಗಳ ಊರು. ನಮ್ಮ ಸೂರ್ಯನೂ ಅಂಥ ಒಂದು ಊರಿನಲ್ಲಿದ್ದಾನೆ. ಆ ಊರಿನ ಹೆಸರು ಆಕಾಶಗಂಗೆ. ಅದರಲ್ಲಿ 10,000 ಕೋಟಿಗೂ ಕಡಿಮೆ ಇಲ್ಲದಷ್ಟು ನಕ್ಷತ್ರಗಳಿವೆ. ಇಂಥ ಊರುಗಳು ಲೆಕ್ಕವಿಲ್ಲದಷ್ಟು ಇವೆ.

ಈ ಊರುಗಳು ಒಂದರಿಂದ ಒಂದು ದೂರ ಸರಿಯುತ್ತಿವೆ. 1929ರಲ್ಲಿ ಹಬಲ್ ಎಂಬ ವಿಜ್ಞಾನಿ ಇದನ್ನು ಅಳೆದು ತೋರಿಸಿದ. ಹೇಗೆ ಅಂತೀರಾ? ನೀವು ಎಳ್ಳು ಹಚ್ಚಿ ಸಜ್ಜಿ ರೊಟ್ಟಿ ಬಡಿಯುತ್ತೀರಿ. ಬಡಿದ ಹಾಗೆ ರೊಟ್ಟಿ ಅಗಲ ಆಗುತ್ತದೆ. ಎಳ್ಳು ನಡೆಯುವುದಿಲ್ಲ. ಆದರೂ ಎಳ್ಳಿನಿಂದ ಎಳ್ಳು ದೂರ ಆಗುತ್ತದೆ. ಗೆಲಾಕ್ಸಿಗಳೇ ಎಳ್ಳು. ಜಗತ್ತೇ ರೊಟ್ಟಿ.

ಈಗ ಮುಖ್ಯ ಸಂಗತಿ. ಕಲ್ಲನ್ನು ಮೇಲಕ್ಕೆ ಒಗೆದರೆ ಏನಾಗುತ್ತದೆ? ಹೋಗ್ತಾ ಹೋಗ್ತಾ ನಿಧಾನ ಆಗುತ್ತದೆ. ಭೂಮಿ ಜಗ್ಗುತ್ತದೆ. ಗೆಲಾಕ್ಸಿಗಳೂ ಒಂದನ್ನೊಂದು ಜಗ್ಗುತ್ತವೆ. ಹಾಗಾದರೆ ಜಗತ್ತು ಅಗಲವಾಗುವ ವೇಗ ಕಡಿಮೆ ಆಗಬೇಕು. ಹೆಚ್ಚಿನ ಪಂಡಿತರು ಹಾಗೇ ತಿಳಿದಿದ್ದರು. 1998ರಲ್ಲಿ ಎರಡು ತಂಡದವರು ದೂರದ ಸಿಡಿದ ನಕ್ಷತ್ರಗಳನ್ನು ಅಳೆದರು. ಅವು ಎಣಿಸಿದ್ದಕ್ಕಿಂತ ಮಂಕಾಗಿದ್ದವು. ಅಂದರೆ ಎಣಿಸಿದ್ದಕ್ಕಿಂತ ದೂರ ಇದ್ದವು. ವೇಗ ಕಡಿಮೆ ಆಗಿಲ್ಲ, ಹೆಚ್ಚಾಗಿದೆ! ಒಗೆದ ಕಲ್ಲು ಮೇಲೆ ಮೇಲೆ ಜೋರಾಗಿ ಓಡಿದ ಹಾಗೆ. ಈ ಕೆಲಸಕ್ಕೆ ಮೂವರು ವಿಜ್ಞಾನಿಗಳಿಗೆ 2011ರಲ್ಲಿ ನೊಬೆಲ್ ಬಹುಮಾನ ಬಂತು.

ಯಾವುದು ತಳ್ಳುತ್ತಿದೆ? ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಕಪ್ಪು ಶಕ್ತಿ ಎಂದು ಹೆಸರಿಟ್ಟರು. ಹೆಸರು ಕೇಳಿ ಹೆದರಬೇಡಿ. ಇದು ಮಾಟ ಮಂತ್ರ ಅಲ್ಲ, ದೆವ್ವ ಅಲ್ಲ. ನಮಗೆ ಕಾಣದ್ದು, ತಿಳಿಯದ್ದು, ಅಷ್ಟೇ.

ಜಗತ್ತು 100 ರೂಪಾಯಿ ಎಂದು ತಿಳಿಯಿರಿ. ಅದರಲ್ಲಿ ಸುಮಾರು 68 ರೂಪಾಯಿ ಕಪ್ಪು ಶಕ್ತಿ. 27 ರೂಪಾಯಿ ಕಪ್ಪು ದ್ರವ್ಯ. ಅದೂ ಕಾಣುವುದಿಲ್ಲ, ಆದರೆ ಗೆಲಾಕ್ಸಿಗಳನ್ನು ಚೆದುರದಂತೆ ಹಿಡಿದಿಟ್ಟಿದೆ. ಉಳಿದದ್ದು 5 ರೂಪಾಯಿ. ಮಣ್ಣು, ನೀರು, ಸೂರ್ಯ, ಚಂದ್ರ, ಹಟ್ಟಿಯ ಚಿನ್ನ, ನೀವು, ನಾವು, ಎಲ್ಲಾ ಆ 5 ರೂಪಾಯಿಯಲ್ಲಿ ಬಂತು. 95 ರೂಪಾಯಿಯ ಲೆಕ್ಕ ಜಗತ್ತಿನ ಯಾವ ಪಂಡಿತನಿಗೂ ಇನ್ನೂ ಸಿಕ್ಕಿಲ್ಲ.

ಹುಡುಕಾಟ ನಿಂತಿಲ್ಲ. 2025ರಲ್ಲಿ ಇನ್ನೊಂದು ದೊಡ್ಡ ತಂಡ ಸುಮಾರು ಒಂದೂವರೆ ಕೋಟಿ ಗೆಲಾಕ್ಸಿ ಮುಂತಾದವುಗಳ ಲೆಕ್ಕ ಹಾಕಿತು. ಕಪ್ಪು ಶಕ್ತಿ ಕಾಲ ಕಳೆದಂತೆ ಕಡಿಮೆ ಆಗುತ್ತಿರಬಹುದು ಎಂಬ ಸುಳಿವು ಕೊಟ್ಟಿತು. ಸುಳಿವು ಮಾತ್ರ, ಖಾತ್ರಿ ಅಲ್ಲ. ನಮ್ಮ ದೇಶದವರೂ ಆಕಾಶ ನೋಡುತ್ತಿದ್ದಾರೆ. ಲಡಾಖಿನ ಹಾನ್ಲೆ ಗುಡ್ಡದ ಮೇಲೆ ದೂರದರ್ಶಕ ಇದೆ. ಅದನ್ನು ನಡೆಸುವವರು ಬೆಂಗಳೂರಿನ ಹತ್ತಿರ ಹೊಸಕೋಟೆಯಲ್ಲಿ ಕುಳಿತಿರುತ್ತಾರೆ.

"ಇದರಿಂದ ನಮ್ಮ ಹೊಲಕ್ಕೆ ನೀರು ಬರ್ತೈತೇನ್ರಿ?" ಎಂದು ನೀವು ಕೇಳಬಹುದು. ಬರುವುದಿಲ್ಲ. ನೀರಿನ ಅರ್ಜಿ ಬೇರೆ ಬರೆಯೋಣ. ಆದರೆ ಹೊಟ್ಟೆಯ ಪ್ರಶ್ನೆ ಒಂದೇ ಕೇಳಿ, ಬೇರೆ ಕೇಳಬೇಡಿ ಎಂದು ಹೆಂಗಸರಿಗೆ ಯಾರು ಹೇಳಿದರು? ಅವತ್ತು ನಾವೇ ಹೇಳಿದೆವು. ಅದೇ ನಮ್ಮ ತಪ್ಪು.

ಅಕ್ಕ, ನೀವು ಕೇಳಿದ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು: ಆಚಿಗೂ ಚುಕ್ಕಿಗಳ ಊರು ಇವೆ. ಅವು ದೂರ ಸರಿಯುತ್ತಿವೆ. ಅದರಾಚೆ ಏನಿದೆ, ನಮಗೆ ಗೊತ್ತಿಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳೂ ನಾಚದೆ ಗೊತ್ತಿಲ್ಲ ಅನ್ನುತ್ತಾರೆ. ಅಂದು ಸುಮ್ಮನಾಗುವುದಿಲ್ಲ. ಪ್ರತಿ ರಾತ್ರಿ ನೋಡುತ್ತಾರೆ, ಬರೆದಿಡುತ್ತಾರೆ.

ನಿಮಗೂ ಈಗ ಬರೆಯಲು ಬರುತ್ತದೆ. ನಾಳೆಯಿಂದ 15 ದಿನ ಚಂದ್ರನನ್ನು ನೋಡಿ. ಎಷ್ಟು ಹೊತ್ತಿಗೆ ಕಂಡ, ಎಷ್ಟು ದೊಡ್ಡದಾಗಿ ಕಂಡ, ತಾರೀಖು ಹಾಕಿ ಪಟ್ಟಿಯಲ್ಲಿ ಬರೆಯಿರಿ. ಕಾಣದಿದ್ದರೆ ಕಾಣಲಿಲ್ಲ ಎಂದು ಬರೆಯಿರಿ. ಹದಿನಾರನೆಯ ದಿನ ಎಲ್ಲರ ಪಟ್ಟಿ ಕೂಡಿಸಿ ನೋಡೋಣ. ಮೊದಲು ಆ ಅಕ್ಕನ ಪಟ್ಟಿ ಓದೋಣ.