ಹೊಸ ಕ್ಲಚ್ಚಿಗೂ ಗೇರ್ ಬೀಳದಿದ್ದರೆ


ನನ್ನೊಡನೆ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುತ್ತಿದ್ದ ಹುಡುಗನೊಬ್ಬ ಈಗ ಕುರ್ಲಾದ ಗ್ಯಾರೇಜಿನಲ್ಲಿದ್ದಾನೆ. ಮೊನ್ನೆ ಮಾರುತಿ 800ಕ್ಕೆ ಹೊಸ ಕ್ಲಚ್ ಪ್ಲೇಟು ಹಾಕಿದ. ಇಂಜಿನ್ ನಿಂತಿದ್ದಾಗ ಗೇರ್ ಸಲೀಸು. ಚಾಲೂ ಮಾಡಿದರೆ ಕರಕರ! ಮಾಲೀಕರು ದಿನದ ಕೂಲಿ ಮುರಿದರು. ಹುಡುಗ ಹೆದರಿ ಗೇರ್ ಬಾಕ್ಸು ಮತ್ತೆ ಇಳಿಸಹೊರಟ.

ತಡೆಯಪ್ಪಾ ಅಂದೆ. ನಾನೂ ಎರಡು ವರ್ಷ ಟ್ಯಾಕ್ಸಿ ಬಿಟ್ಟವನೇ. ಪೆಡಲು ಒತ್ತಿದರೂ ಪ್ಲೇಟು ಪೂರಾ ಬಿಡುತ್ತಿಲ್ಲ, ಅಷ್ಟೆ. ಆ ಗಾಡಿಗೆ ಕ್ಲಚ್ ಕೇಬಲು ಉಂಟು. ಹಳೆಯ ಪ್ಲೇಟು ಸವೆದಂತೆಲ್ಲ ಅದನ್ನು ಸಡಿಲಿಸಿದ್ದರು. ಹೊಸ ದಪ್ಪ ಪ್ಲೇಟಿಗೆ ಆ ಸಡಿಲ ಹೆಚ್ಚಾಯಿತು. ನಟ್ಟು ತಿರುಗಿಸಿ ನೋಡಬೇಕು. ತೀರ ಬಿಗಿದರೆ ಪ್ಲೇಟು ಜಾರೀತು, ಜೋಕೆ! ಅದಕ್ಕೂ ಜಗ್ಗದಿದ್ದರೆ ಪ್ಲೇಟನ್ನು ತಿರುವುಮುರುವಾಗಿ ಕೂರಿಸಿರಬಹುದು. ಆಗ ಇಳಿಸದೆ ಗತಿಯಿಲ್ಲ.

ಇವನದು ನಟ್ಟಿನಲ್ಲೇ ಸರಿಹೋಯಿತು. ಮುರಿದ ಕೂಲಿ ಕೇಳಲು ನಾಳೆ ಬೆಳಿಗ್ಗೆ ಇಬ್ಬರೂ ಹೋಗುತ್ತೇವೆ.